ದೊಡ್ಡಪ್ಪನ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ಮನೆ ಬಳಗ ಗುಂಪು, ಶನಿವಾರ ಬೆಳಿಗ್ಗೆ 9:10ರಿಂದ

ಚಿಕ್ಕಪ್ಪ (ದಾವಣಗೆರೆ): [ಹಲವು ಬಾರಿ ಫಾರ್ವರ್ಡ್ ಆದ ಚಿತ್ರ: ‘ಹಳೇ ಕಂಪ್ಯೂಟರಿಗೆ ಟಾಪ್ 10 ಲಿನಕ್ಸ್. ನಿಮ್ಮದು ಪಟ್ಟಿಯಲ್ಲಿ ಕೆಳಗಿದ್ದರೆ ಇವತ್ತೇ ಬದಲಾಯಿಸಿ!’]

ಚಿಕ್ಕಪ್ಪ: ಅಣ್ಣಾ, ವಿಂಡೋಸ್ ಜೊತೆಗೆ ನೀನು ಹಾಕ್ಕೊಂಡಿರೋ ಲಿನಕ್ಸ್ ಮಿಂಟ್ ಇದರಲ್ಲಿ ಆರನೇದು ನೋಡು. ವೈಫೈ ಬರ್ತಿಲ್ಲ ಅಂತ ಮೊನ್ನೆ ಫೋನಲ್ಲಿ ಹೇಳ್ತಿದ್ದೆಯಲ್ಲ. ಮೊದಲನೇ ನಂಬರಿನದು ಹಾಕ್ಸು, ಸರಿಹೋಗುತ್ತೆ.

ದೊಡ್ಡಪ್ಪ (ತೀರ್ಥಹಳ್ಳಿ): ಹೌದು ಮಾರಾಯ, ಒಂದು ವಾರ ಆಯ್ತು. ಫೋನಿಗೆ ವೈಫೈ ಬರ್ತದೆ, ಲ್ಯಾಪ್‌ಟಾಪಿಗೆ ಇಲ್ಲ. ವೈರು ಹಾಕಿದ್ರೆ ಬರ್ತದೆ. ಆದ್ರೆ ರೌಟರ್ ಇರೋದು ಹಾಲಲ್ಲಿ, ನನ್ನ ಟೇಬಲ್ ಇರೋದು ಉಪ್ಪರಿಗೆ ಮೇಲೆ.

ತಮ್ಮ (ಹುಬ್ಬಳ್ಳಿ): ದೊಡ್ಡಪ್ಪ, ಮಿಂಟ್ ತುಂಬಾ ಹಳೇ ಸಾಫ್ಟ್‌ವೇರ್ ಕೊಡುತ್ತೆ. ಆರ್ಚ್ ಹಾಕೋಣ, ರಜೆಗೆ ಬಂದಾಗ ನಾನೇ ಮಾಡಿಕೊಡ್ತೀನಿ. ಇಲ್ಲಾಂದ್ರೆ ಫೆಡೋರಾ. ಕರ್ನಲ್, ಅಂದ್ರೆ ಲಿನಕ್ಸಿನ ತಿರುಳು, ಹೊಸದಿದ್ರೆ ವೈಫೈ ತಾನಾಗೇ ಬರುತ್ತೆ.

ಭಾವ (ಪುಣೆ): ಮಾವ, 2017ರ ಲ್ಯಾಪ್‌ಟಾಪ್ ಅದು. ಇಷ್ಟೆಲ್ಲ ಯಾಕೆ? ಹೊಸದೊಂದು ತಗೊಂಡುಬಿಡಿ, ನಾನು ಕಳಿಸ್ತೀನಿ.

ನಾನು: ಒಂದ್ನಿಮಿಷ, ಯಾರೂ ಏನೂ ಬದಲಾಯಿಸ್ಬೇಡಿ. ದೊಡ್ಡಪ್ಪ, ಎರಡು ಪ್ರಶ್ನೆ. ಪೆನ್‌ಡ್ರೈವ್ ಹಾಕಿ ಇನ್‌ಸ್ಟಾಲ್ ಮಾಡಿದ್ರಲ್ಲ, ಮಧ್ಯದಲ್ಲಿ ‘ಸೆಕ್ಯೂರ್ ಬೂಟ್’ ಅಂತ ಏನಾದ್ರೂ ಪಾಸ್‌ವರ್ಡ್ ಕೇಳಿತ್ತಾ? ಆಮೇಲೆ ಮೊದಲ ಸಲ ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂತಾ?

ದೊಡ್ಡಪ್ಪ: ಎರಡೂ ಆಯ್ತು. ಪಾಸ್‌ವರ್ಡ್ ಕೊಟ್ಟೆ. ನೀಲಿ ಪರದೆ ಬಂದಾಗ ಏನೋ ಕೆಟ್ಟಿತು ಅಂತ ಎದೆ ಧಸಕ್ ಅಂತು. ಮೊದಲನೇ ಸಾಲಲ್ಲಿ ‘ಕಂಟಿನ್ಯೂ ಬೂಟ್’ ಅಂತಿತ್ತು, ಅದನ್ನೇ ಒತ್ತಿದೆ. ಆಮೇಲೆ ಡ್ರೈವರ್ ಮ್ಯಾನೇಜರಿನಲ್ಲಿ ವೈಫೈ ಚಿಪ್ಪನ್ನ ನಡೆಸೋ ಡ್ರೈವರನ್ನೂ ಹಾಕಿದೆ. ಹಸಿರು ಟಿಕ್ ಇದೆ, ವೈಫೈ ಮಾತ್ರ ಇಲ್ಲ.

ನಾನು: ಹಾಗಾದ್ರೆ ನನಗೊಂದು ಗುಮಾನಿ ಇದೆ. ಆದ್ರೆ ಊಹೆ ಮೇಲೆ ಏನೂ ಮಾಡೋದು ಬೇಡ. ಟರ್ಮಿನಲ್ ತೆಗೆದು ನಿಮ್ಮ ನಂಬರಿಗೆ ಕಳಿಸಿರೋ ಎರಡು ಸಾಲು ಒಂದಾದ ಮೇಲೊಂದು ಟೈಪ್ ಮಾಡಿ, ಪರದೆ ಫೋಟೋ ಹಾಕಿ. ಮೊದಲನೇದು ಎಲ್, ಎಸ್, ಪಿ, ಸಿ, ಐ, ಎಲ್ಲ ಸಣ್ಣಕ್ಷರ, ಜಾಗ ಬಿಟ್ಟು ಅಡ್ಡಗೆರೆ ಕೆ.

ಚಿಕ್ಕಪ್ಪ: ನೋಡು, ಇದಕ್ಕೇ ನಾನು ಹೇಳೋದು. ಎಪ್ಪತ್ತು ವರ್ಷದವರ ಕೈಲಿ ಕಮಾಂಡ್ ಹೊಡೆಸ್ತೀಯಲ್ಲ ಮಗಳೇ. ಚೆನ್ನಾಗಿರೋದು ಹಾಕಿದ್ರೆ ಈ ಕಷ್ಟನೇ ಇರಲ್ಲ.

ನಾನು: ಚಿಕ್ಕಪ್ಪ, ಇಲ್ಲೇ ನಾನು ಒಪ್ಪಲ್ಲ. ವೈಫೈ ಡ್ರೈವರ್ ಕೆಲಸ ಮಾಡೋದು ಕರ್ನಲ್ ಒಳಗೆ, ಪಟ್ಟಿಯ ಹತ್ತರಲ್ಲೂ ಇರೋದು ಅದೇ ಲಿನಕ್ಸ್ ಕರ್ನಲ್. ಡೆಬಿಯನ್ ಹುಟ್ಟಿದ್ದು 1993ರಲ್ಲಿ. ಅದರಿಂದ 2004ರಲ್ಲಿ ಉಬುಂಟು ಬಂತು, ಉಬುಂಟು ಮೇಲೆ 2006ರಲ್ಲಿ ಮಿಂಟ್ ಕಟ್ಟಿದ್ರು. ತಾತ, ಮಗ, ಮೊಮ್ಮಗ ಇದ್ದ ಹಾಗೆ. ನೀವು ಕಳಿಸಿರೋ ಪಟ್ಟಿಯಲ್ಲಿ ಉಬುಂಟು ಎರಡನೇದು, ಜೋರಿನ್ ಮೂರನೇದು, ಮಿಂಟ್ ಆರನೇದು. ಮಿಂಟ್ 22 ತಗೊಳ್ಳೋದು ಉಬುಂಟು 24.04ರ ಕರ್ನಲನ್ನೇ. ಜೋರಿನ್ 18 ಕೂಡ ಅದರ ಮೇಲೇ ನಿಂತಿದೆ. ಇದರಲ್ಲಿ ಬರದ ವೈಫೈ ಅದರಲ್ಲೂ ಬರಲ್ಲ. ನಲ್ಲಿ ಸೋರುತ್ತೆ ಅಂತ ಪಕ್ಕದ ಮನೆಗೆ ಬಾಡಿಗೆಗೆ ಹೋದ್ರೆ ಅಲ್ಲೂ ಅದೇ ಕಂಪನಿ ನಲ್ಲಿ.

ತಮ್ಮ: ಅಕ್ಕ, ಫೆಡೋರಾ ಬೇರೆ ವಂಶ ಅಲ್ವಾ? ಕರ್ನಲ್ಲೂ ಹೊಸದು.

ನಾನು: ಬೇರೆ ವಂಶ ಹೌದು ಕಣೋ. ಹೊಸ ಕರ್ನಲ್ ಬೇಕಾಗೋದು ಹೊಸ ಯಂತ್ರಕ್ಕೆ. ಕಳೆದ ವರ್ಷ ಬಂದ ಲ್ಯಾಪ್‌ಟಾಪ್ ಆಗಿದ್ರೆ ನಾನೇ ಫೆಡೋರಾ ಅಂತಿದ್ದೆ. ಇದು 2017ರದ್ದು, ಇದರ ಚಿಪ್ಪು ಹಳೇದು, ಕರ್ನಲ್ ಹೊಸದಾದ್ರೂ ಇದಕ್ಕೆ ಲಾಭ ಇಲ್ಲ. ತೊಂದರೆ ಏನಂದ್ರೆ ಈ ಚಿಪ್ಪಿನ ಡ್ರೈವರ್ ಕರ್ನಲ್ ಜೊತೆ ಬರಲ್ಲ, ಬೇರೆಯಾಗಿ ತಂದು ಯಂತ್ರದಲ್ಲೇ ಕಂಪೈಲ್ ಮಾಡ್ಬೇಕು. ಫೆಡೋರಾದಲ್ಲೂ ಆರ್‌ಪಿಎಂ ಫ್ಯೂಷನ್ ಅನ್ನೋ ಹೊರಗಿನ ಭಂಡಾರದಿಂದ ತರ್ಬೇಕು, ಅಲ್ಲೂ ಸೆಕ್ಯೂರ್ ಬೂಟ್ ಇದ್ರೆ ಕೀ ನೋಂದಾಯಿಸ್ಬೇಕು.

ದೊಡ್ಡಪ್ಪ: [ಫೋಟೋ] [ಫೋಟೋ]

ನಾನು: ಮೊದಲನೇ ಫೋಟೋ ನೋಡಿ ಎಲ್ಲರೂ. ವೈಫೈ ಚಿಪ್ಪಿನ ಹೆಸರಿದೆ. ಕೆಳಗೆ ‘ಕರ್ನಲ್ ಮಾಡ್ಯೂಲ್ಸ್’ ಅನ್ನೋ ಸಾಲಿದೆ, ಅಂದ್ರೆ ಡ್ರೈವರ್ ಡಿಸ್ಕಲ್ಲಿ ಕೂತಿದೆ. ಆದ್ರೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನೋ ಸಾಲೇ ಇಲ್ಲ. ವೈರಿನ ನೆಟ್‌ವರ್ಕಿಗೂ ಸೌಂಡಿಗೂ ಆ ಸಾಲಿದೆ, ವೈಫೈ ಒಂದಕ್ಕೆ ಇಲ್ಲ. ಡ್ರೈವರ್ ಬಾಗಿಲ ತನಕ ಬಂದಿದೆ, ಒಳಗೆ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನೋದು ಎರಡನೇ ಫೋಟೋದಲ್ಲಿದೆ: ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’.

ದೊಡ್ಡಮ್ಮ: ಹಂಗಂದ್ರೆ ಏನೇ ಪುಟ್ಟಿ?

ನಾನು: ದೊಡ್ಡಮ್ಮ, ಸೆಕ್ಯೂರ್ ಬೂಟ್ ಅಂದ್ರೆ ಗೇಟಿನ ಕಾವಲುಗಾರ. ಪರಿಚಯದ ಸಹಿ ಇರೋರನ್ನ ಮಾತ್ರ ಒಳಗೆ ಬಿಡ್ತಾನೆ. ಮಿಂಟಿನ ಕರ್ನಲ್ಲಿಗೆ ಅಂಥ ಸಹಿ ಮೊದಲೇ ಇದೆ. ಆದ್ರೆ ಈ ವೈಫೈ ಡ್ರೈವರ್ ನಿಮ್ಮ ಮನೆಯಲ್ಲೇ ತಯಾರಾಗಿದ್ದು, ಅದರ ಸಹಿ ಗುರುತಿಸೋ ಕೀ ಅವನ ಹತ್ತಿರ ಇಲ್ಲ. ಇವರು ನಮ್ಮವರೇ ಅಂತ ಮನೆಯವರು ಗೇಟಿಗೇ ಬಂದು ಹೇಳ್ಬೇಕು. ಆ ನೀಲಿ ಪರದೆ ಬಂದಿದ್ದು ಅದಕ್ಕೆ. ದೂರದಲ್ಲಿ ಕೂತ ಕಳ್ಳ ಒಪ್ಪಿಗೆ ಕೊಡಬಾರದು, ಯಂತ್ರದ ಮುಂದೆ ಕೂತವರೇ ಕೊಡಬೇಕು ಅಂತ ವ್ಯವಸ್ಥೆ. ದೊಡ್ಡಪ್ಪ ‘ಕಂಟಿನ್ಯೂ’ ಒತ್ತಿದ್ರು, ಪರಿಚಯ ಹೇಳೋದು ಉಳೀತು. ಅದರಲ್ಲಿ ಅವರ ತಪ್ಪಿಲ್ಲ. ಆ ಪರದೆ ಮೇಲೆ ಇದು ಯಾಕೆ ಬಂತು ಅಂತ ಒಂದು ಸಾಲೂ ಇರಲ್ಲ.

ತಮ್ಮ: ಇಷ್ಟೇನಾ! ಬಯೋಸ್‌ಗೆ, ಅಂದ್ರೆ ಯಂತ್ರ ಶುರುವಾಗೋವಾಗಿನ ಸೆಟ್ಟಿಂಗಿಗೆ, ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದ್ರಾಯ್ತು, ಮುಗೀತು. ಆರ್ಚ್ ಹಾಕೋವಾಗ ಹೇಗೂ ಆಫ್ ಮಾಡ್ತೀವಿ.

ನಾನು: ಆಫ್ ಮಾಡಿದ್ರೆ ಡ್ರೈವರ್ ಲೋಡ್ ಆಗುತ್ತೆ, ನಿನ್ನ ಮಾತು ನಿಜ. ಆದ್ರೆ ದೊಡ್ಡಪ್ಪ ಪಕ್ಕದಲ್ಲಿ ವಿಂಡೋಸ್ 10 ಉಳಿಸ್ಕೊಂಡಿದ್ದಾರೆ. ಅಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿದ್ರೆ, ಈ ಸೆಟ್ಟಿಂಗ್ ಮುಟ್ಟಿದ ಕೂಡಲೇ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. 48 ಅಂಕಿ ಅದು. ಅದನ್ನ ಅವರು ಎಲ್ಲಿ ಹುಡುಕ್ತಾರೆ? ಸರಿಯಾದ ದಾರಿಗೆ ಎರಡು ನಿಮಿಷ ಸಾಕು. ಕಾವಲುಗಾರನೂ ಇರ್ತಾನೆ, ವೈಫೈಯೂ ಬರುತ್ತೆ.

ನಾನು: ದೊಡ್ಡಪ್ಪ, ಕೀಯನ್ನ ಮತ್ತೆ ನೋಂದಣಿಗೆ ಹಾಕೋ ಸಾಲು ನಿಮ್ಮ ನಂಬರಿಗೆ ಕಳಿಸಿದೀನಿ. ಪಾಸ್‌ವರ್ಡ್ ಎರಡು ಸಲ ಕೇಳುತ್ತೆ. ಟೈಪ್ ಮಾಡೋವಾಗ ಪರದೆ ಮೇಲೆ ಏನೂ ಕಾಣಲ್ಲ, ಚುಕ್ಕಿನೂ ಬರಲ್ಲ, ಗಾಬರಿ ಬೇಡ. ಚೀಟಿ ಮೇಲೆ ಬರ್ಕೊಳ್ಳಿ. ರೀಸ್ಟಾರ್ಟ್ ಮಾಡಿದ್ಮೇಲೆ ನೀಲಿ ಪರದೆ ಬರುತ್ತೆ, ಹತ್ತು ಸೆಕೆಂಡಲ್ಲಿ ಕೀಬೋರ್ಡಿನ ಯಾವುದಾದ್ರೂ ಗುಂಡಿ ಒತ್ತಬೇಕು, ಇಲ್ಲಾಂದ್ರೆ ತಾನೇ ಮುಂದಕ್ಕೆ ಹೋಗಿಬಿಡುತ್ತೆ. ಈ ಸಲ ಎರಡನೇ ಸಾಲು, ‘ಎನ್‌ರೋಲ್ ಎಂಓಕೆ’, ಅಂದ್ರೆ ನಮ್ಮ ಕೀ ನೋಂದಾಯಿಸು ಅಂತ. ಆಮೇಲೆ ಕಂಟಿನ್ಯೂ, ಆಮೇಲೆ ‘ಯೆಸ್’, ಚೀಟಿಯ ಪಾಸ್‌ವರ್ಡ್, ಕೊನೆಗೆ ರೀಬೂಟ್.

ದೊಡ್ಡಪ್ಪ: ಕರೆಂಟ್ ಹೋಯ್ತು. ಬ್ಯಾಟರಿ ನಿಲ್ಲಲ್ಲ ಇದಕ್ಕೆ. ಬಂದ್ಮೇಲೆ ಮಾಡ್ತೀನಿ.

ಭಾವ: ನೋಡಿದ್ರಾ, ಬ್ಯಾಟರಿನೂ ಹೋಗಿದೆ. ಹೊಸದು ತಗೊಳ್ಳಿ ಮಾವ.

ನಾನು: ಭಾವ, ನಿಮ್ಮ ಮನಸ್ಸು ಗೊತ್ತು. ಈ ಯಂತ್ರ ಮೂಲೆ ಸೇರೋ ಹಾಗಾಗಿದ್ದು ಕೆಟ್ಟು ಅಲ್ಲ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು ಅಂತ. ಇದರ ಪ್ರೊಸೆಸರ್ ಇಂಟೆಲ್ ಏಳನೇ ತಲೆಮಾರು, ವಿಂಡೋಸ್ 11 ಎಂಟರಿಂದ ಈಚೆಗಿನದ್ದು ಕೇಳುತ್ತೆ. ಕೀಬೋರ್ಡು, ಪರದೆ ಎರಡೂ ಗಟ್ಟಿಯಾಗಿವೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, 4 ಜಿಬಿ ರ‍್ಯಾಮನ್ನ 8 ಮಾಡಿ, ಒಂದು ಬ್ಯಾಟರಿ ತಂದ್ರೆ ಇನ್ನೂ ಐದು ವರ್ಷ ಆರಾಮಾಗಿ ನಡೆಯುತ್ತೆ. ಯಾವ ಲಿನಕ್ಸ್ ಹಾಕಿದ್ರೂ ಎಸ್‌ಎಸ್‌ಡಿ ಕೊಡೋವಷ್ಟು ವೇಗ ಕೊಡಲ್ಲ. ಕಳಿಸೋದಿದ್ರೆ ಅದನ್ನೇ ಕಳಿಸಿ.

ಭಾವ: ಸರಿ, ಎಸ್‌ಎಸ್‌ಡಿ ನನ್ನ ಲೆಕ್ಕ. ಅಳತೆ ಹೇಳು.

ಚಿಕ್ಕಪ್ಪ: ಅದೆಲ್ಲ ಇರ್ಲಿ, ಈ ಲಿನಕ್ಸಲ್ಲಿ ನನ್ನ ಟ್ಯಾಲಿ ನಡೆಯುತ್ತಾ? ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ನಡೆಯುತ್ತಾ?

ನಾನು: ನಿಮಗೆ ಲಿನಕ್ಸ್ ಹಾಕಿ ಅಂತ ನಾನು ಯಾವತ್ತೂ ಹೇಳಲ್ಲ ಚಿಕ್ಕಪ್ಪ. ಟ್ಯಾಲಿ ವಿಂಡೋಸಿಗೆ ಮಾಡಿದ್ದು. ಟೋಕನ್ನಿನ ಸಾಫ್ಟ್‌ವೇರೂ ವಿಂಡೋಸಲ್ಲೇ ಸರಾಗ. ಜಿಎಸ್‌ಟಿ ಕೊನೇ ದಿನ ನಿಮ್ಮನ್ನ ಪ್ರಯೋಗಕ್ಕೆ ಇಳಿಸೋಕಾಗಲ್ಲ. ದೊಡ್ಡಪ್ಪನ ಕೆಲಸ ಬೇರೆ: ಪಿಂಚಣಿ ಬ್ಯಾಂಕು, ಕನ್ನಡದಲ್ಲಿ ಬರೆಯೋದು, ಮೊಮ್ಮಗನ ಜೊತೆ ವಿಡಿಯೋ ಕಾಲ್. ಇದಕ್ಕೆಲ್ಲ ಮಿಂಟ್ ಸಾಕು.

ದೊಡ್ಡಮ್ಮ: ವಿಡಿಯೋ ಕಾಲ್ ಒಂದು ಬಂದ್ರೆ ನನಗೆ ಬೇರೇನೂ ಬೇಡ. ಫೋನಿನ ಪರದೇಲಿ ಮಗು ಮುಖ ಸರಿಯಾಗಿ ಕಾಣಲ್ಲ.

ತಮ್ಮ: ಆದ್ರೂ ಅಕ್ಕ, ಎಲ್ಲದಕ್ಕೂ ಮಿಂಟ್ ಅನ್ನೋದು ಸರೀನಾ? ನಾನು ಆರ್ಚಲ್ಲಿ ಎರಡು ವರ್ಷದಿಂದ ಇದೀನಿ. ಅದರಿಂದಲೇ ಇಷ್ಟು ಕಲಿತಿದ್ದು.

ನಾನು: ನೀನು ಕಲಿತಿದ್ದು ನಿಜ, ನಿನಗೆ ಅದೇ ಸರಿ. ಅಪ್‌ಡೇಟ್ ಮಾಡಿದ ದಿನ ಏನಾದ್ರೂ ಮುರಿದ್ರೆ ನೀನು ಕೂತು ಬಿಚ್ಚಿ ನೋಡ್ತೀಯ, ನಿನಗೆ ಅದು ಇಷ್ಟ. ದೊಡ್ಡಪ್ಪನಿಗೆ ಸೋಮವಾರ ಬೆಳಿಗ್ಗೆ ಯಂತ್ರ ಶನಿವಾರ ಇದ್ದ ಹಾಗೇ ಇರ್ಬೇಕು. ಮಿಂಟ್ 22ಕ್ಕೆ 2029ರ ಏಪ್ರಿಲ್ ತನಕ ಭದ್ರತಾ ಅಪ್‌ಡೇಟ್ ಬರುತ್ತೆ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು ಹದಿಮೂರು ತಿಂಗಳು ಅಷ್ಟೇ. ಇನ್ನೊಂದು ವಿಷಯ, ಅವರು ಸಹಾಯ ಕೇಳೋದು ನನ್ನನ್ನ. ನನ್ನ ಮೇಜಿನ ಮೇಲೂ ಮಿಂಟೇ ಇದೆ, ಅವರು ‘ಎಡಗಡೆ ಕೆಳಗೆ ಹಸಿರು ಗುಂಡಿ’ ಅಂದ್ರೆ ನನಗೆ ಕಣ್ಮುಂದೆ ಬರುತ್ತೆ. ಅಂಥದ್ದು ಯಾವ ಪಟ್ಟಿಯಲ್ಲೂ ಇರಲ್ಲ.

ನಾನು: ನಿನ್ನ ವಯಸ್ಸಲ್ಲಿ ನಾನೂ ವೈಫೈಗೋಸ್ಕರ ಒಂದೇ ತಿಂಗಳಲ್ಲಿ ನಾಲ್ಕು ಲಿನಕ್ಸ್ ಬದಲಾಯಿಸಿದ್ದೆ. ನಾಲ್ಕನೇದರಲ್ಲಿ ಸೀನಿಯರ್ ಒಬ್ಬರು ‘ಆರ್‌ಎಫ್‌ಕಿಲ್’ ಅಂತ ಒಂದು ಕಮಾಂಡ್ ಹೊಡೆಸಿದ್ರು, ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂತ ಬಂತು. ಲ್ಯಾಪ್‌ಟಾಪಿನ ಬಲಬದಿಯಲ್ಲಿ ಉಗುರಗಲದ ಸ್ವಿಚ್ಚು, ಚೀಲದೊಳಗೆ ತಾಗಿ ಆಫ್ ಆಗಿತ್ತು. ನಾಲ್ಕು ಸಲ ಫಾರ್ಮ್ಯಾಟ್ ಮಾಡಿದ್ರಲ್ಲಿ ಪ್ರಾಜೆಕ್ಟ್ ಫೋಟೋಗಳೆಲ್ಲ ಹೋದವು. ಅದಕ್ಕೇ ಬೆಳಿಗ್ಗೆಯಿಂದ ಇಷ್ಟು ಹಟ ಮಾಡ್ತಿರೋದು.

ತಮ್ಮ: ಇದು ಗೊತ್ತಿರ್ಲಿಲ್ಲ.

11:40

ದೊಡ್ಡಪ್ಪ: ಕರೆಂಟ್ ಬಂತು. ನೀನು ಹೇಳಿದ ಹಾಗೇ ಮಾಡಿದೆ. ಎರಡನೇ ಸಾಲು ಒತ್ತುವಾಗ ಕೈ ನಡುಗ್ತು. ವೈಫೈ ಬಂತು ಪುಟ್ಟಿ. ಪಟ್ಟಿಯಲ್ಲಿ ಪಕ್ಕದ ಮನೆಯವರ ಹೆಸರೂ ಕಾಣ್ತಿದೆ.

ದೊಡ್ಡಮ್ಮ: 🙏🙏

ಚಿಕ್ಕಪ್ಪ: ಬಂತಾ! ಸರಿ, ಆರನೇ ನಂಬರಿನದೇ ಇರ್ಲಿ ಬಿಡು.

ದೊಡ್ಡಪ್ಪ: ಇನ್ನೊಂದು ತಕರಾರು. ವಿಂಡೋಸಿಗೆ ಹೋದ್ರೆ ಗಡಿಯಾರ ತಪ್ಪು. ಬೆಳಿಗ್ಗೆ ಹತ್ತೂವರೆಗೆ ಐದು ಗಂಟೆ ತೋರಿಸ್ತು. ಪೇಟೆಯ ಅಂಗಡಿಯಲ್ಲಿ ಕೇಳಿದ್ದಕ್ಕೆ ಒಳಗಿನ ಸಣ್ಣ ಬ್ಯಾಟರಿ ಹೋಗಿದೆ, ಬೋರ್ಡ್ ಬಿಚ್ಚಬೇಕು ಅಂದ್ರು.

ನಾನು: ಬಿಚ್ಚಿಸ್ಬೇಡಿ ದೊಡ್ಡಪ್ಪ! ಹತ್ತೂವರೆ ಎಲ್ಲಿ, ಐದು ಎಲ್ಲಿ? ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ. ನಮ್ಮ ದೇಶದ ಸಮಯ ಗ್ರೀನಿಚ್‌ಗಿಂತ ಮುಂದಿರೋದು ಅಷ್ಟೇ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತೆ. ಬ್ಯಾಟರಿ ಸತ್ತಿದ್ರೆ ತಾರೀಖೂ ಹಿಂದಕ್ಕೆ ಹೋಗಿರೋದು, ಲೆಕ್ಕ ಇಷ್ಟು ಚೊಕ್ಕ ಇರ್ತಿರ್ಲಿಲ್ಲ. ಮಿಂಟಿಗೂ ಸ್ಥಳೀಯ ಸಮಯನೇ ಬಳಸು ಅಂತ ಒಂದು ಸಾಲಲ್ಲಿ ಹೇಳಬಹುದು, ಸಂಜೆ ಕಳಿಸ್ತೀನಿ.

ದೊಡ್ಡಪ್ಪ: ಗಣಿತ ಮೇಷ್ಟ್ರಾಗಿ ನನಗೇ ಹೊಳೀಲಿಲ್ಲ ನೋಡು. ಇನ್ನು ನುಡಿ, ಆ ಕನ್ನಡ ಟೈಪಿಂಗ್ ತಂತ್ರಾಂಶ. ನನ್ನ ಬೆರಳಿಗೆ ಆ ಕೀಲಿಮಣೆಯೇ ಅಭ್ಯಾಸ. ಹಳೇ ಫೈಲುಗಳು ಬೇರೆ ಇಲ್ಲಿ ವಿಚಿತ್ರವಾಗಿ ಕಾಣ್ತವೆ, ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಬಾಲ ಇಟ್ಟ ಹಾಗೆ.

ನಾನು: ಕೀಲಿಮಣೆ ಸುಲಭ. ಟೈಪಿಂಗ್ ತಂತ್ರಾಂಶ ಐಬಸ್ ಜೊತೆ ಕೀಲಿಮಣೆಗಳ ಸಂಗ್ರಹ ಎಂ17ಎನ್ ಹಾಕಿದ್ರೆ ಕನ್ನಡದ ಪಟ್ಟಿಯಲ್ಲಿ ‘ಕೆಜಿಪಿ’ ಅಂತ ಸಿಗುತ್ತೆ. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ನಿಮ್ಮ ಬೆರಳಿಗೆ ಗೊತ್ತಿರೋದೇ. ಹಳೇ ಫೈಲುಗಳ ಕಥೆ ಬೇರೆ, ಅದು ಲಿನಕ್ಸಿನ ದೋಷ ಅಲ್ಲ. ಆ ಕಾಲದ ಫೈಲಲ್ಲಿ ಇರೋದು ಕನ್ನಡ ಅಕ್ಷರಗಳ ಸಂಕೇತ ಅಲ್ಲ, ಇಂಗ್ಲಿಷ್ ಅಕ್ಷರಗಳದ್ದು. ಮೇಲೆ ಕನ್ನಡದ ರೂಪ ಕೊಡ್ತಿದ್ದಿದ್ದು ಫಾಂಟು. ಫಾಂಟ್ ಇಲ್ಲದ ಕಡೆ, ನಿಮ್ಮ ಫೋನಲ್ಲೂ, ಹಾಗೇ ಕಾಣುತ್ತೆ. ಕನ್ನಡ ಅಕ್ಷರಕ್ಕೇ ಸಂಕೇತ ಇರೋ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳಿವೆ. ಎಷ್ಟು ಫೈಲಿವೆ?

ದೊಡ್ಡಪ್ಪ: ಮೂವತ್ತು ವರ್ಷದ ಪ್ರಶ್ನೆಪತ್ರಿಕೆ, ನಿಮ್ಮಜ್ಜ ಹೇಳಿ ಬರೆಸಿದ ವಂಶಾವಳಿ, ತೋಟದ ಲೆಕ್ಕ. ನೂರಾ ಎಂಬತ್ತರ ಮೇಲಿದೆ.

ನಾನು: ಅಜ್ಜನ ವಂಶಾವಳಿ ಆ ಲ್ಯಾಪ್‌ಟಾಪಲ್ಲಿದೆಯಾ? ಬೇರೆಲ್ಲೂ ಕಾಪಿ ಇಲ್ವಾ?

ದೊಡ್ಡಪ್ಪ: ಇಲ್ಲ.

ನಾನು: ಹಾಗಾದ್ರೆ ಗಡಿಯಾರ, ಕೀಲಿಮಣೆ ಎಲ್ಲ ಆಮೇಲೆ. ಮೊದಲು ಒಂದು ಖಾಲಿ ಪೆನ್‌ಡ್ರೈವ್ ಚುಚ್ಚಿ. ಎಸ್‌ಎಸ್‌ಡಿ ಬರೋದ್ರೊಳಗೆ ಆ ಫೋಲ್ಡರ್ ಎರಡು ಕಡೆ ಇರ್ಬೇಕು.

ತಮ್ಮ: ದೊಡ್ಡಪ್ಪ, ಒಂದು ಕಾಪಿ ನನಗೂ ಕಳಿಸಿ. ಪರಿವರ್ತನೆ ಒಂದೊಂದೇ ಫೈಲ್ ಮಾಡ್ತಾ ಕೂರೋದು ಬೇಡ, ಎಲ್ಲ ಒಟ್ಟಿಗೆ ಆಗೋ ಹಾಗೆ ಸ್ಕ್ರಿಪ್ಟ್ ಬರೀತೀನಿ. ಒತ್ತಕ್ಷರ, ಅರ್ಕಾವತ್ತು ತಪ್ಪಿದ್ರೆ ಅಕ್ಕ ನೋಡ್ಲಿ.

ದೊಡ್ಡಪ್ಪ: ಪೆನ್‌ಡ್ರೈವ್ ಹಾಕಿದೆ. ಫೋಲ್ಡರ್ ಹೋಗ್ತಿದೆ, 41 ಅಂತ ತೋರಿಸ್ತಿದೆ.