ವಿಂಗ್ ಹಾಕ್ಸಿದ್ಮೇಲೆ ಸ್ಟ್ರೈಟಲ್ಲಿ ಎಳೀತಿಲ್ಲ, ಫಾಸ್ಟ್ ಕಾರ್ನರಲ್ಲಿ ಮೂತಿ ಜಾರ್ತಿದೆ

ಹ್ಯಾಚ್‌ರಾಯ:
ಎಲ್ರಿಗೂ ನಮಸ್ಕಾರ. ನಂದು ಟ್ರ್ಯಾಕಿಗೆ ಅಂತಾನೇ ಇಟ್ಕೊಂಡಿರೋ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕು, ಚೆನ್ನೈ ಹತ್ರ ಇರುಂಗಾಟ್ಟುಕೋಟೈಲಿ ಓಡಿಸ್ತೀನಿ. ಹಿಂದೆ ದೊಡ್ಡ ವಿಂಗ್ ಹಾಕ್ಸಿದ್ಮೇಲೆ 150 ದಾಟಿದ್ರೆ ಯಾರೋ ಹಿಂದಿಂದ ಹಿಡ್ಕೊಂಡಂಗಾಗುತ್ತೆ, ಅದು ಹೋಗ್ಲಿ ಅಂದ್ರೆ ಫಾಸ್ಟ್ ಕಾರ್ನರಲ್ಲಿ ಸ್ಟೀರಿಂಗ್ ಎಷ್ಟು ತಿರುಗ್ಸಿದ್ರೂ ಮೂತಿ ಹೊರಗೇ ಹೋಗುತ್ತೆ. ನಿಧಾನದ ಕಾರ್ನರಲ್ಲಿ ಮೊದ್ಲಿನ ಥರಾನೇ ಇದೆ. ಡೌನ್‌ಫೋರ್ಸ್ (ಗಾಳಿ ಗಾಡೀನ ನೆಲಕ್ಕೆ ಒತ್ತೋ ಬಲ) ಜಾಸ್ತಿ ಆದ್ರೆ ಗ್ರಿಪ್ಪೂ ಜಾಸ್ತಿ ಆಗ್ಬೇಕಲ್ವಾ? ಟೈರ್ ಪ್ರೆಶರ್, ಅಲೈನ್‌ಮೆಂಟ್ ನೋಡಾಯ್ತು. ವಿಂಗ್ ಆಂಗಲ್ 15 ಡಿಗ್ರಿ.

ಗ್ರೀಸ್‌ಕೈ:
ವಿಂಗ್ ಬಿಚ್ಚಿ ಎಸೀರಿ ಸರ್, ಹ್ಯಾಚಿಗೆ ಅದ್ಯಾಕೆ.

ಗಾಳಿಗುಂಡ:
ಎಸೀಬೇಡಿ. ನಿಧಾನಕ್ಕೆ ಸರಿ ಇದ್ದು ಜೋರಾಗಿ ಹೋದಾಗ ಮಾತ್ರ ಕೆಟ್ರೆ ಅದು ಸಸ್ಪೆನ್ಷನ್ ಅಲ್ಲ, ಏರೋ ಬ್ಯಾಲೆನ್ಸು, ಅಂದ್ರೆ ಗಾಳಿ ಮುಂದೆ ಎಷ್ಟು ಹಿಂದೆ ಎಷ್ಟು ಒತ್ತುತ್ತೆ ಅನ್ನೋ ಲೆಕ್ಕ. ವಿಂಗ್ ಹಿಂದಿನ ಆಕ್ಸಲ್‌ಗಿಂತಾನೂ ಹಿಂದೆ ನೇತಾಡ್ತಿರುತ್ತೆ ನೋಡಿ, ಉದಾಹರಣೆಗೆ ವೀಲ್‌ಬೇಸ್ 2.5 ಮೀಟರ್, ವಿಂಗ್ ಆಕ್ಸಲ್ಲಿಂದ ಅರ್ಧ ಮೀಟರ್ ಹಿಂದೆ, ಅದು 50 ಕೆಜಿ ಒತ್ತುತ್ತೆ ಅಂದ್ಕೊಳಿ, ಹಿಂದಿನ ಟೈರಿಗೆ 60 ಕೆಜಿ ಸೇರುತ್ತೆ, ಮುಂದಿಂದ 10 ಕೆಜಿ ಕಿತ್ಕೊಳ್ಳುತ್ತೆ. ಅದರ ಮೇಲೆ ವಿಂಗಿನ ಡ್ರ್ಯಾಗ್ (ಗಾಳಿ ತಡೆಯೋ ಬಲ) ಅಷ್ಟು ಎತ್ತರದಲ್ಲಿ ಹಿಂದಕ್ಕೆ ಎಳೆಯೋದ್ರಿಂದ ಮುಂದೆ ಇನ್ನೂ ಹಗುರ. ನಿಮ್ಮ ಗಾಡೀಲಿ ತಿರುಗಿಸೋದೂ ಎಳೆಯೋದೂ ಎರಡೂ ಮುಂದಿನ ಟೈರೇ.

ಸ್ಪೀಡ್ ಡಬಲ್ ಆದ್ರೆ ಡ್ರ್ಯಾಗೂ ಡೌನ್‌ಫೋರ್ಸೂ ನಾಲ್ಕು ಪಟ್ಟು, ಆದ್ರೆ ಆ ಡ್ರ್ಯಾಗ್ ತಳ್ಳೋಕೆ ಬೇಕಾದ ಪವರ್ ಎಂಟು ಪಟ್ಟು. ಸಣ್ಣ ಎಂಜಿನ್ನಿಗೆ ಇದೇ ಜಾಸ್ತಿ ಹೊಡೆತ.

ಇನ್ನು 15 ಡಿಗ್ರಿ. ನೆಲಕ್ಕೆ ಅಳೆದಿದ್ದಾ? ರೂಫ್ ದಾಟಿದ ಗಾಳಿ ಕೆಳಕ್ಕೆ ಬಾಗ್ತಿರುತ್ತೆ, ಹಂಗಾಗಿ ವಿಂಗಿಗೆ ತಾಗೋ ನಿಜವಾದ ಆಂಗಲ್ ಇನ್ನೂ ಜಾಸ್ತಿ. ಬಹುಶಃ ಸ್ಟಾಲ್ ಆಗಿದೆ, ಅಂದ್ರೆ ಡೌನ್‌ಫೋರ್ಸ್ ಬಿದ್ದೋಗಿ ಡ್ರ್ಯಾಗ್ ಮಾತ್ರ ಏರಿದೆ. ವಿಂಗ್ ಕೆಳಗಡೆ (ಕೆಲಸ ಜಾಸ್ತಿ ಮಾಡೋದು ಆ ಕಡೇನೇ) ಉಲ್ಲನ್ ದಾರದ ತುಂಡು ಟೇಪ್ ಹಾಕಿ ಅಂಟ್ಸಿ, ಟ್ರ್ಯಾಕಲ್ಲಿ ಓಡುವಾಗ ಹಿಂದೆ ಕ್ಯಾಮೆರಾ ಕಟ್ಟಿ ವಿಡಿಯೋ ತಗೊಳ್ಳಿ. ದಾರ ನೀಟಾಗಿ ಹಿಂದಕ್ಕೆ ಮಲಗಿದ್ರೆ ಓಕೆ, ಒದ್ದಾಡ್ತಿದ್ರೆ ಸ್ಟಾಲ್.

ಹ್ಯಾಚ್‌ರಾಯ:
ಹೌದು ಸರ್, ನೆಲಕ್ಕೇ ಅಳೆದಿದ್ದು. ದಾರ ಅಂಟ್ಸಿ ನೋಡ್ದೆ, ನಡುವಲ್ಲಿರೋವೆಲ್ಲಾ ಕುಣೀತಿವೆ, ಅಂಚಲ್ಲಿರೋವು ಪರವಾಗಿಲ್ಲ. 6 ಡಿಗ್ರಿಗೆ ಇಳಿಸಿದ್ಮೇಲೆ ಎಲ್ಲಾ ಮಲಗ್ತು, ಸ್ಟ್ರೈಟಲ್ಲೂ ಎಳೀತಿದೆ. ಮೂತಿ ಜಾರೋದು ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಗರ್ನಿ ಫ್ಲ್ಯಾಪ್ (ವಿಂಗಿನ ಹಿಂದಿನ ಅಂಚಲ್ಲಿ ನಿಲ್ಸೋ ಸಣ್ಣ ಪಟ್ಟಿ) ಹಾಕ್ಲಾ?

ಗಾಳಿಗುಂಡ:
ಗರ್ನಿ ಹಾಕಿದ್ರೆ ಹಿಂದೆ ಇನ್ನೂ ಒತ್ತುತ್ತೆ, ನಿಮಗೆ ಬೇಕಿರೋದು ಮುಂದೆ. ಮೊದ್ಲು ಬಂಪರ್ ಕೆಳಗೆ ಏರ್ ಡ್ಯಾಮ್ (ಗಾಡಿ ಅಡಿಗೆ ಗಾಳಿ ನುಗ್ಗದಂಗೆ ತಡೆಯೋ ಪಟ್ಟಿ), ಆಮೇಲೆ ಸ್ಪ್ಲಿಟರ್ (ಅದರ ಬುಡದಲ್ಲಿ ಮುಂದಕ್ಕೆ ಚಾಚೋ ಚಪ್ಪಟೆ ಹಲಗೆ). ಸ್ಪ್ಲಿಟರ್ ಮಜಾ ಏನಂದ್ರೆ ಸರಿಯಾಗಿ ಕೂತ್ರೆ ವಿಂಗಿನಷ್ಟು ಡ್ರ್ಯಾಗ್ ತರಲ್ಲ, ಕೆಲವು ಗಾಡೀಲಿ ಒಟ್ಟು ಡ್ರ್ಯಾಗ್ ಇಳಿಯೋದೂ ಉಂಟು. ಪ್ಲೈವುಡ್ ಸಾಕು, ಆದ್ರೆ ಬಂಪರಿಗೆ ಕಟ್ಬೇಡಿ, ಬ್ರ್ಯಾಕೆಟ್ ಮಾಡಿ ಚಾಸಿಗೆ ಬೋಲ್ಟ್ ಮಾಡ್ಸಿ, ಇಲ್ಲಾಂದ್ರೆ ಒತ್ತೋ ಫೋರ್ಸಿಗೆ ಬಂಪರೇ ಕಿತ್ಕೊಂಡು ಬರುತ್ತೆ.

ಗ್ರೀಸ್‌ಕೈ:
ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕಿಗೂ ಇದೇ ಸೆಟಪ್ ನಡೆಯುತ್ತಾ?

ಗಾಳಿಗುಂಡ:
ಅಲ್ಲಿ ಸ್ಟ್ರೈಟ್ ಗಿಡ್ಡ, ಸ್ಪೀಡ್ ಕಮ್ಮಿ, ಡ್ರ್ಯಾಗ್ ಬಗ್ಗೆ ತಲೆ ಕೆಡಿಸ್ಕೊಳೋದು ಬೇಡ. ಸ್ಪ್ಲಿಟರ್ ಕೂತ್ಮೇಲೆ ವಿಂಗ್ ಎರಡು ಡಿಗ್ರಿ ಏರಿಸಿ ನೋಡಿ, ದಾರ ಹಂಗೇ ಇರ್ಲಿ.