ಚೋಕ್ ತೆಗೆದ ಕೂಡಲೇ ಜನರೇಟರ್ ನಿಂತುಹೋಗುತ್ತದೆ, ದೋಣಿಯಲ್ಲಿ ವಾಸ, ಸಹಾಯ ಮಾಡಿ

ದೋಣಿಮನೆ:
ನಮಸ್ಕಾರ. ನಾನು, ನಮ್ಮೆಜಮಾನ್ರು ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ನ್ಯಾರೋಬೋಟ್‌ನಲ್ಲೇ (ಕಾಲುವೆಯ ಉದ್ದನೆಯ ಕಿರಿದಾದ ದೋಣಿ) ವಾಸವಿದ್ದೇವೆ. ಈಗ ಮಿಲ್ಟನ್ ಕೀನ್ಸ್ ಹತ್ತಿರ ದೋಣಿ ಕಟ್ಟಿದ್ದೇವೆ, ಇಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಬೇಸಿಗೆಯಲ್ಲಿ ಸೋಲಾರ್ ಸಾಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಆಗ ಬ್ಯಾಟರಿ ತುಂಬಿಸೋಕೆ 2 ಕಿಲೋವ್ಯಾಟ್‌ನ ಹಳೆಯ ಪೆಟ್ರೋಲ್ ಇನ್ವರ್ಟರ್ ಜನರೇಟರ್ ಒಂದೇ ಗತಿ. ಮಾರ್ಚ್‌ನಿಂದ ಅದನ್ನು ಮುಟ್ಟಿರಲಿಲ್ಲ. ಈಗ ಹಗ್ಗ ಎಳೆದರೆ ಚೋಕ್‌ನಲ್ಲಿ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದರೆ ಸದ್ದು ಏರಿ ಇಳಿದು, ಏರಿ ಇಳಿದು, ನಿಂತೇ ಹೋಗುತ್ತದೆ. ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ ಇನ್ವರ್ಟರ್ ಬೋರ್ಡ್ (ಒಳಗಿನ ಎಲೆಕ್ಟ್ರಾನಿಕ್ ಭಾಗ) ಹೋಗಿದೆ, ಹೊಸದೇ ತಗೊಳ್ಳಿ ಅಂದರು. ನಿಜವಾ? ಇನ್ನೊಂದು, ದಡದಲ್ಲಿಟ್ಟರೆ ಕದಿಯುತ್ತಾರೆ ಅನ್ನೋ ಭಯ. ಹಿಂದಿನ ಡೆಕ್ ಕೆಳಗೆ ಎಂಜಿನ್ ಪಕ್ಕದಲ್ಲೇ ಇಟ್ಟು, ಹೊಗೆಗೆ ಒಂದು ಪೈಪ್ ಹಾಕಿ ಹೊರಗೆ ಬಿಟ್ಟರೆ ಹೇಗೆ?

ಉಡುಪಿ ಗ್ಯಾರೇಜ್:
ಅಕ್ಕಾ, ಬೋರ್ಡ್ ಹೋದರೆ ಎಂಜಿನ್ ಓಡುತ್ತದೆ, ಕರೆಂಟ್ ಬರುವುದಿಲ್ಲ. ನಿಮ್ಮದು ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬೊರೇಟರ್ ಸಮಸ್ಯೆ. ಒಂಬತ್ತು ತಿಂಗಳು ನಿಂತ ಪೆಟ್ರೋಲ್ ಒಣಗಿ ಅಂಟಾಗಿ ಸ್ಲೋ ಜೆಟ್, ಅಂದರೆ ಅದರೊಳಗೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ತುಂಡು, ಕಟ್ಟಿಕೊಂಡಿದೆ. ಚೋಕ್ ಹಾಕಿದಾಗ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ, ಅದಕ್ಕೇ ಓಡುತ್ತದೆ. ಯಕ್ಷಗಾನ ಮೇಳದವರ ಜನರೇಟರ್‌ಗಳು ಮಳೆಗಾಲ ಕಳೆದ ಮೇಲೆ ನಮ್ಮಲ್ಲಿಗೆ ಇದೇ ಕಾಯಿಲೆ ಹಿಡಿದು ಬರುತ್ತವೆ. ಮೊದಲು ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿಯ ತಿರುಪು ಆನ್ ಇದೆಯಾ ನೋಡಿ, ಅದು ಮುಚ್ಚಿದ್ದರೂ ಎಂಜಿನ್ ಸ್ವಲ್ಪ ಹೊತ್ತಿಗೇ ನಿಲ್ಲುತ್ತದೆ. ಆಮೇಲೆ ಹಳೆಯ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಫ್ಲೋಟ್ ಬೌಲ್, ಬಿಚ್ಚಿ, ಜೆಟ್ ತೆಗೆದು ಕಾರ್ಬ್ ಕ್ಲೀನರ್ ಹೊಡೆಯಿರಿ. ತೂತು ಚುಚ್ಚೋಕೆ ಸೂಜಿ ಬೇಡ, ದೊಡ್ಡದಾಗಿಬಿಡುತ್ತದೆ. ವೈರ್ ಒಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ಆಯಿಲ್ ಕೂಡ ನೋಡಿ, ಹಿಡಿಯೋದೇ ಅರ್ಧ ಲೀಟರ್ ಒಳಗೆ. ಕಡಿಮೆಯಾದರೆ ಅಥವಾ ಇಳಿಜಾರಲ್ಲಿ ಇಟ್ಟರೆ ಸೆನ್ಸರ್ ತಾನೇ ನಿಲ್ಲಿಸಿಬಿಡುತ್ತದೆ. ನೂರು ಗಂಟೆಗೊಮ್ಮೆ ಬದಲಿಸಿ.

ಕಾಲುವೆ ಪಯಣಿಗ:
ಗ್ಯಾರೇಜ್ ಅಣ್ಣ ಹೇಳಿದ್ದು ಸರಿ. ಇಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ 10 ಶೇಕಡಾ ಎಥನಾಲ್‌ದು, ನೀರು ಬೇಗ ಹೀರುತ್ತದೆ. ಜನರೇಟರ್‌ಗೆ ನಾನು ಎಥನಾಲ್ ಕಡಿಮೆ ಇರುವ ಸೂಪರ್ ಪೆಟ್ರೋಲನ್ನೇ ಹಾಕುತ್ತೇನೆ.

ಆದರೆ ಡೆಕ್ ಕೆಳಗಿನ ಆಲೋಚನೆ ಮಾತ್ರ ಇವತ್ತೇ ಬಿಟ್ಟುಬಿಡಿ, ದಯವಿಟ್ಟು. 2013ರ ಈಸ್ಟರ್‌ನಲ್ಲಿ ವಿಂಡರ್‌ಮಿಯರ್ ಸರೋವರದ ದೋಣಿಯೊಂದರಲ್ಲಿ ಮಲಗಿದ್ದ ತಾಯಿ, ಮಗಳು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲದಿಂದ ಸತ್ತರು. ಅಲ್ಲೂ ಪೋರ್ಟಬಲ್ ಜನರೇಟರನ್ನು ಎಂಜಿನ್ ಜಾಗದಲ್ಲಿಟ್ಟು, ಹೊಗೆ ಕೊಳವೆಯನ್ನು ಕೈಯಾರೆ ಜೋಡಿಸಿದ್ದರು, ಅದು ಕಳಚಿಕೊಂಡಿತ್ತು. ಪೆಟ್ರೋಲ್ ಆವಿಯೂ ಗಾಳಿಗಿಂತ ಭಾರ, ಇಳಿದು ದೋಣಿಯ ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ದಡದಲ್ಲಿ ಸಮತಟ್ಟಾದ ಜಾಗ ನೋಡಿ, ಕಿಟಕಿ ಬಾಗಿಲಿಂದ ದೂರ, ಹೊಗೆ ದೋಣಿಯಿಂದ ಆಚೆಗೆ ಹೋಗೋ ಹಾಗೆ ತಿರುಗಿಸಿ, ಚೈನ್ ಬಿಗಿದು ಇಡಿ. ಓಡುವಾಗ ಒಬ್ಬರು ಹತ್ತಿರವೇ ಇರಿ. ದೋಣಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ ತಾನೇ? ಪೆಟ್ರೋಲ್ ತುಂಬೋದೂ ದಡದಲ್ಲೇ, ಎಂಜಿನ್ ಆರಿದ ಮೇಲೆ.

ದೋಣಿಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಲಾರಂ ಇದೆ, ಟೆಸ್ಟ್ ಬಟನ್ ಒತ್ತಿ ನೋಡಿದೆ, ಕೂಗಿತು. ವಿಂಡರ್‌ಮಿಯರ್ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ, ಪೈಪ್ ವಿಚಾರ ಕೈಬಿಟ್ಟೆವು. ಇವತ್ತು ಬೌಲ್ ಬಿಚ್ಚಿದೆವು. ತಳದಲ್ಲಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕಂದು ಅಂಟು. ಜೆಟ್ ಎತ್ತಿ ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ, ಎರಡು ಸಲ ಕ್ಲೀನರ್ ಹೊಡೆದು ತಾಮ್ರದ ಎಳೆ ಆಡಿಸಿದ ಮೇಲೆ ಚುಕ್ಕಿಯಷ್ಟು ಬೆಳಕು ಕಂಡಿತು. ಎರಡನೇ ಎಳೆತಕ್ಕೇ ಸ್ಟಾರ್ಟ್, ಚೋಕ್ ತೆಗೆದರೂ ಒಂದೇ ಸಮ ಓಡುತ್ತಿದೆ. ಇಲ್ಲಿ ರಾತ್ರಿ 8ರ ಮೇಲೆ ಓಡಿಸುವಂತಿಲ್ಲ, ಅಷ್ಟರೊಳಗೆ ಮೂರು ಗಂಟೆ ಚಾರ್ಜ್ ಸಿಕ್ಕಿತು. ಇನ್ನು ಮಾರ್ಚ್‌ನಲ್ಲಿ ಎತ್ತಿಡುವಾಗ ಬೌಲ್ ಬರಿದು ಮಾಡಿದರೆ ಸಾಕಾ, ಟ್ಯಾಂಕ್ ಕೂಡ ಖಾಲಿ ಮಾಡಬೇಕಾ?

ಉಡುಪಿ ಗ್ಯಾರೇಜ್:
ಎರಡೂ ಖಾಲಿ ಮಾಡಿ ಅಕ್ಕಾ.