ಎರಡು ಗಡಿಯಾರಗಳ ಕೋಣೆ

ನಮ್ಮ ಸಂಜೆಯ ಗುಂಪಿನಲ್ಲಿ ನಾಲ್ವರಿದ್ದೇವೆ: ನಿವೃತ್ತರಾದ ಗಣಿತದ ಮೇಷ್ಟ್ರು, ವಕೀಲರು, ಬ್ಯಾಂಕಿನವರು ಮತ್ತು ಇವರೆಲ್ಲರ ಮಾತನ್ನು ತಾಳ್ಮೆಯಿಂದ ಕೇಳುತ್ತೇನೆಂಬ ಭ್ರಮೆಯಲ್ಲಿರುವ ನಾನು. ಮೊನ್ನೆ ವಕೀಲರು, ವಾಯಿದೆ ಮುಂದೆ ಹೋಯಿತೆಂದು ಹೇಳುವಷ್ಟೇ ನಿರಾಳವಾಗಿ, ತಾವು ಆರು ವಾರಗಳಿಂದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಹೋಗುತ್ತಿರುವುದಾಗಿ ತಿಳಿಸಿದರು. ಕೇಳಿದ ಮೂವರೂ ಸ್ವಲ್ಪ ಹೊತ್ತು ಮೌನವಾದೆವು. ನನ್ನ ಮಟ್ಟಿಗಂತೂ ಆ ಮೌನಕ್ಕೆ ಕಾರಣ ಮರುಕವಲ್ಲ, ಅಲ್ಲಿ ಇವರು ನನ್ನ ಬಗ್ಗೆ ಏನೇನು ಹೇಳಿರಬಹುದೆಂಬ ದಿಗಿಲು.

ಮೊದಲು ಚೇತರಿಸಿಕೊಂಡವರು ಮೇಷ್ಟ್ರು. “ಮಾತನಾಡುವುದಕ್ಕೆ ನಾವಿರಲಿಲ್ಲವೇ? ಹಣ ಕೊಟ್ಟು ಮಾತನಾಡುವ ಗತಿ ನಿಮಗೇಕೆ ಬಂತು?”

“ನಿಮ್ಮೊಡನೆಯೇ ಮೊದಲು ಮಾತನಾಡಿದ್ದೆ” ಎಂದರು ವಕೀಲರು. “ರಾತ್ರಿ ನಿದ್ರೆ ಬರುತ್ತಿಲ್ಲ, ಇಟ್ಟ ವಸ್ತು ಎಲ್ಲಿದೆಯೆಂದು ನೆನಪಾಗುತ್ತಿಲ್ಲ ಎಂದೆ. ನಿಮಗೆ ಮೂರು ವರ್ಷಗಳಿಂದ ನಿದ್ರೆಯೇ ಇಲ್ಲವೆಂದು ನೀವು ಹೇಳಿದಿರಿ. ಇವರು ತಮ್ಮ ಸೋದರಮಾವನ ನಿದ್ರಾಹೀನತೆಯ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದರು. ಬ್ಯಾಂಕಿನವರು ಎದ್ದು ಮನೆಗೆ ಹೋದರು. ನನ್ನ ನಿದ್ರೆಯ ಅಹವಾಲು ಅಲ್ಲಿಗೆ ವಜಾ ಆಯಿತು.”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸೋದರಮಾವನ ಕಥೆ ಮಾತ್ರ ಚೆನ್ನಾಗಿಯೇ ಇತ್ತೆಂದು ನಾನು ಈಗಲೂ ನಂಬಿದ್ದೇನೆ.

ವಕೀಲರು ಹೇಳಿದಂತೆ ಅದು ತೀರ ಸಣ್ಣ ಜಾಗ. ಕಾಯುವುದಕ್ಕೊಂದು ಕೋಣೆ, ಮಾತನಾಡುವುದಕ್ಕೊಂದು ಕೋಣೆ. ಎರಡರ ನಡುವಿನ ಬಾಗಿಲ ಬಳಿ, ನೆಲದ ಮೇಲೆ, ಒಂದು ಪುಟ್ಟ ಯಂತ್ರ ಸದಾ ‘ಶ್’ ಎಂದು ಸದ್ದು ಮಾಡುತ್ತಿರುತ್ತದೆ. ಒಳಗಿನ ಮಾತು ಹೊರಗೆ ಕುಳಿತವರ ಕಿವಿಗೆ ಬೀಳದಿರಲೆಂದು ಈ ಏರ್ಪಾಡು. ಒಳಗೆ ಎರಡು ಕುರ್ಚಿಗಳು, ಕೈಗೆಟಕುವಂತೆ ಟಿಶ್ಯೂ ಡಬ್ಬ, ಮತ್ತು ಎರಡು ಗಡಿಯಾರಗಳು. ಒಂದು ಬಂದವರಿಗೆ ಕಾಣುತ್ತದೆ, ಇನ್ನೊಂದು ಅವರ ಬೆನ್ನ ಹಿಂದಿದೆ. ಕೇಳುವವರು ಮಾತಿನ ನಡುವೆ ಕೈಗಡಿಯಾರ ನೋಡಿಕೊಂಡರೆ, ಹೇಳುವವನಿಗೆ ತನ್ನ ದುಃಖವೂ ಬೇಸರ ತರಿಸುತ್ತಿದೆಯೆಂಬ ಇನ್ನೊಂದು ದುಃಖ ಸೇರಿಕೊಳ್ಳುತ್ತದೆಯಂತೆ.

“ಹಿಂದಿನದು ಪುಸ್ತಕದ ಕಪಾಟಿನ ಮೇಲೆ” ಎಂದರು ಬ್ಯಾಂಕಿನವರು.

“ಹೌದು, ಕಪಾಟಿನ ಮೇಲೆ” ಎಂದು ವಕೀಲರು ಮುಂದುವರಿದರು. “ಒಂದು ಸಲದ ಭೇಟಿಗೆ ಐವತ್ತು ನಿಮಿಷ. ಗಂಟೆಯಲ್ಲಿ ಉಳಿದ ಹತ್ತು ನಿಮಿಷ ಆಕೆ ಟಿಪ್ಪಣಿ ಬರೆದುಕೊಳ್ಳುವುದಕ್ಕೆ.”

“ಮಲಗಿಸುವುದಿಲ್ಲವೇ?” ಎಂದು ನಾನು ಕೇಳಿದೆ. ಬಂದವರನ್ನು ಮಲಗಿಸಿ ತಾವು ಅವರ ತಲೆಯ ಹಿಂದೆ ಕೂರುವುದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಕಾಲದ ಪದ್ಧತಿಯೆಂದೂ, ದಿನಕ್ಕೆ ಎಂಟು ಗಂಟೆ ಜನ ತಮ್ಮನ್ನು ದಿಟ್ಟಿಸುವುದನ್ನು ತಾವು ಸಹಿಸಲಾರದ್ದೂ ಅದಕ್ಕೊಂದು ಕಾರಣವೆಂದು 1913ರಲ್ಲಿ ಅವರೇ ಬರೆದಿದ್ದಾರೆಂದೂ ವಕೀಲರು ತಿಳಿಸಿದರು. ಮೇಷ್ಟ್ರು ನಿಟ್ಟುಸಿರುಬಿಟ್ಟರು. ಅರುವತ್ತು ಹುಡುಗರು ಮೂವತ್ತು ವರ್ಷ ತಮ್ಮನ್ನು ದಿಟ್ಟಿಸಿದರೂ ಅವರೆಲ್ಲರನ್ನೂ ಒಟ್ಟಿಗೆ ಮಲಗಿಸಿಬಿಡುವ ಉಪಾಯ ತಮಗೆ ಹೊಳೆಯಲಿಲ್ಲವೆಂದರು. ಅವರ ಪಾಠ ಕೇಳಿದವರು ಆ ಕೆಲಸ ತಾನಾಗಿಯೇ ಆಗುತ್ತಿತ್ತೆಂದು ಹೇಳುತ್ತಾರೆ.

ಮಾತ್ರೆಯ ವಿಷಯ ಬೇಗ ಇತ್ಯರ್ಥವಾಯಿತು. ಮಾತ್ರೆ ಬರೆಯುವವರು ವೈದ್ಯಕೀಯ ಓದಿದ ಮನೋವೈದ್ಯರು. ಮನಶ್ಶಾಸ್ತ್ರಜ್ಞರು ಬಹುತೇಕ ಕಡೆಗಳಲ್ಲಿ ಮಾತ್ರೆ ಬರೆಯುವುದಿಲ್ಲ, ಅಗತ್ಯ ಕಂಡರೆ ಅವರ ಬಳಿಗೆ ಕಳುಹಿಸುತ್ತಾರೆ. ಮೇಷ್ಟ್ರಿಗೆ ಕುತೂಹಲವಿದ್ದದ್ದು ಪರೀಕ್ಷೆಯ ಬಗ್ಗೆ. ನೆನಪಿನ ಶಕ್ತಿ ಕುಂದಿದೆಯೇ ಎಂದು ತಿಳಿಯಲು ವಕೀಲರಿಗೆ ಎರಡು ದಿನ ಪರೀಕ್ಷೆ ನಡೆದಿತ್ತು. ಪ್ರಶ್ನೆಗಳು ಹೊರಗೆ ಹರಡಿದರೆ ಪರೀಕ್ಷೆ ಕೆಡುತ್ತದೆಂಬ ಕಾರಣಕ್ಕೆ ಅವುಗಳನ್ನು ಹೇಳಲು ವಕೀಲರು ಒಪ್ಪಲಿಲ್ಲ. ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳುವಂಥದ್ದೂ ಇತ್ತೆಂದಷ್ಟೇ ತಿಳಿಸಿದರು.

“ಅಷ್ಟೇ ತಾನೇ? ನೀವೇ ಯಾವುದಾದರೂ ಅಂಕಿ ಹೇಳಿ” ಎಂದು ಮೇಷ್ಟ್ರು ಎದೆ ಸೆಟೆಸಿದರು. ನಾನು 5, 8, 2, 9, 4, 7 ಎಂದೆ. ಮೇಷ್ಟ್ರು ಕಣ್ಣು ಮುಚ್ಚಿ, “7, 4, 9” ಎಂದು ಗಂಭೀರವಾಗಿ ಹೊರಟು, ಅಲ್ಲಿ ನಿಂತು, ಗಾಳಿಯಲ್ಲಿ ಬೆರಳಿನಿಂದ ಏನನ್ನೋ ಬರೆದು ಅಳಿಸಿ, ಕೊನೆಗೆ ನನ್ನ ಉಚ್ಚಾರಣೆ ಸ್ಪಷ್ಟವಾಗಿರಲಿಲ್ಲವೆಂದು ತೀರ್ಪು ಕೊಟ್ಟರು. ನಪಾಸಾದವರಿಗೆ ಮರುಪರೀಕ್ಷೆಯುಂಟೇ ಎಂದೂ ವಿಚಾರಿಸಿದರು. ಉಂಟಾದರೂ ಕೂಡಲೇ ಅಲ್ಲ, ಮೊದಲ ಸಲದ ಅಭ್ಯಾಸದಿಂದಲೇ ಅಂಕ ಏರಿಬಿಡುತ್ತದೆಂದು ವಕೀಲರು ವಿವರಿಸಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ 100 ಬಂದರೆ ಸರಾಸರಿ ಎಂದು ಕೇಳಿದಾಗ ಮಾತ್ರ ಮೇಷ್ಟ್ರು ಕೆರಳಿಬಿಟ್ಟರು. ನೂರಕ್ಕೆ ನೂರು ತೆಗೆದವನನ್ನು ಸಾಮಾನ್ಯನೆನ್ನುವುದು ಯಾವ ನ್ಯಾಯ? ಆದರೆ ಅಂಕಗಳ ಹರಹನ್ನು ಅಳೆಯುವ ಪ್ರಮಾಣ ವಿಚಲನೆ 15 ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರೊಳಗಿನ ಗಣಿತ ಎಚ್ಚರಗೊಂಡು, ಹಾಗಾದರೆ ಮೂರರಲ್ಲಿ ಎರಡು ಪಾಲು ಜನ 85ರಿಂದ 115ರೊಳಗೆ ಇರುತ್ತಾರೆಂದು ನಮಗೇ ಪಾಠ ಮಾಡಿದರು. ತಾವು ಉಳಿದ ಮೂರನೆಯ ಪಾಲಿನಲ್ಲಿ ಯಾವ ತುದಿಯಲ್ಲಿರಬಹುದೆಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ವಕೀಲರು ಹೇಳಿದಂತೆ, ಇಂಥ ಚಿಕಿತ್ಸಾಲಯವನ್ನು 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬ ಮನಶ್ಶಾಸ್ತ್ರಜ್ಞ ಮೊದಲಾಗಿ ತೆರೆದದ್ದು, ಕಾಗುಣಿತ ಬಾರದ ಒಬ್ಬ ಹುಡುಗನನ್ನು ಶಾಲೆಯ ಶಿಕ್ಷಕಿ ಕರೆತಂದಾಗ. ಪರೀಕ್ಷಿಸಿ ನೋಡಿದರೆ ಅವನ ಕಣ್ಣಿನಲ್ಲೇ ದೋಷವಿತ್ತು. ಇದನ್ನು ಕೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಮಂಕಾದರು. ಅಂಥ ಹುಡುಗರಿಗೆ ಅವರು ಬೇರೊಂದು ಚಿಕಿತ್ಸೆ ಮಾಡಿದ್ದರು, ಅದಕ್ಕೆ ಬೆತ್ತವಷ್ಟೇ ಸಾಕಾಗುತ್ತಿತ್ತು.

ನಾನು ವಿಷಯವನ್ನು ತಿಳಿಗೊಳಿಸಲೆಂದು, ಇಂಥ ಪರೀಕ್ಷೆಗಳ ಕೊನೆಗೆ ಕೊಡುವ ವರದಿಯನ್ನು ಯಾರು ಬೇಕಾದರೂ ಬರೆಯಬಹುದೆಂದು ಸವಾಲು ಹಾಕಿದೆ: “ನೀವು ಹೊರಗೆ ಗಟ್ಟಿಗರಂತೆ ಕಂಡರೂ ಒಳಗೆ ಅಳುಕುತ್ತೀರಿ, ಬೇರೆಯವರ ಮೆಚ್ಚುಗೆ ನಿಮಗೆ ಬೇಕು, ನಿಮ್ಮ ಸಾಮರ್ಥ್ಯ ಪೂರ್ತಿ ಬಳಕೆಯಾಗಿಲ್ಲ.” ಮೇಷ್ಟ್ರು ಬೆರಗಾಗಿ, “ಇದು ನನ್ನದೇ” ಎಂದರು.

“ಎಲ್ಲರದೂ ಅದೇ” ಎಂದು ವಕೀಲರು ನಕ್ಕರು. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ಇಂಥವೇ ವಾಕ್ಯಗಳನ್ನು 39 ವಿದ್ಯಾರ್ಥಿಗಳಿಗೆ, ಪ್ರತಿಯೊಬ್ಬರಿಗೂ ಅವರವರ ಪರೀಕ್ಷೆಯ ಫಲಿತಾಂಶವೆಂದು ನಂಬಿಸಿ ಕೊಟ್ಟಿದ್ದನು. ಅದು ತಮಗೆ ಎಷ್ಟು ಹೊಂದುತ್ತದೆಂದು ಕೇಳಿದಾಗ ಅವರು ಕೊಟ್ಟ ಅಂಕಗಳ ಸರಾಸರಿ ಐದಕ್ಕೆ 4.26, ಅದು 1949ರಲ್ಲಿ ಅಚ್ಚಾಯಿತು. “ನನ್ನ ವರದಿ ನಿಮಗೆ ಹೊಂದುವುದಿಲ್ಲ, ಅದೇ ಅದರ ಬೆಲೆ. ನನ್ನ ನೆನಪು ಸರಿಯಾಗಿಯೇ ಇದೆಯಂತೆ. ಕನ್ನಡಕವನ್ನು ಕೆಳಗಿಡುವ ಗಳಿಗೆಯಲ್ಲಿ ನಾನು ಬೇರೇನನ್ನೋ ಯೋಚಿಸುತ್ತಿರುತ್ತೇನೆ; ಒಳಗೆ ಹೋಗದೇ ಇರುವುದು ಹೊರಗೆ ಬರುವುದೆಲ್ಲಿಂದ?”

ಆ ‘ಬೇರೇನೋ’ ಎಂಬುದಕ್ಕೇ ಈಗ ಚಿಕಿತ್ಸೆ ನಡೆದಿದೆ. ಮೇಷ್ಟ್ರಿಗೆ ಸಂತೋಷವಾಗುವಂತೆ ಅದರಲ್ಲಿ ಮನೆಪಾಠವುಂಟು: ಕಾಡಿದ ಯೋಚನೆಯನ್ನು ಬರೆದು, ಅದನ್ನು ಎಷ್ಟು ನಂಬುತ್ತೇನೆಂದು ಸೊನ್ನೆಯಿಂದ ನೂರರೊಳಗೆ ಗುರುತಿಸಿ, ಪರ ಮತ್ತು ವಿರೋಧದ ಸಾಕ್ಷ್ಯಗಳನ್ನು ಎರಡು ಕಾಲಂಗಳಲ್ಲಿ ಇಡಬೇಕು. ವಕೀಲರು ಮೊದಲ ವಾರ ಹದಿನೇಳು ಪುಟದ ಲಿಖಿತ ವಾದವನ್ನೇ ಸಲ್ಲಿಸಿದ್ದರಂತೆ. ನಿದ್ರೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬರಬೇಕು, ಎಷ್ಟು ಹೊತ್ತಿಗೆ ಮಲಗಿದ್ದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕೆಂಬುದು ಇನ್ನೊಂದು ಆಜ್ಞೆ.

“ನೀವು ಹೇಳಿದ್ದನ್ನೆಲ್ಲ ಆಕೆ ಬೇರೆಯವರಿಗೆ ಹೇಳಿದರೆ?” ಎಂಬುದು ಮೇಷ್ಟ್ರ ಕೊನೆಯ ಆತಂಕ.

“ಯಾರದಾದರೂ ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಹೇಳುವಂತಿಲ್ಲ. ಆ ಷರತ್ತುಗಳಿಗೆ ಮೊದಲ ದಿನವೇ ಸಹಿ ಮಾಡಿಸಿಕೊಂಡರು; ನಾನು ಮೂರು ತಿದ್ದುಪಡಿ ಸೂಚಿಸಿದೆ, ಒಂದನ್ನೂ ಒಪ್ಪಲಿಲ್ಲ. ದಾರಿಯಲ್ಲಿ ಎದುರಾದರೂ ಆಕೆ ತಾವಾಗಿ ಮಾತನಾಡಿಸುವುದಿಲ್ಲ. ಪರಿಚಯ ತೋರಿಸಬೇಕೋ ಬೇಡವೋ ಎಂಬುದು ನಮಗೆ ಬಿಟ್ಟದ್ದು.”

“ಅದು ನಿಜ” ಎಂದರು ಬ್ಯಾಂಕಿನವರು. “ಮೊನ್ನೆ ನನ್ನನ್ನೂ ನೋಡಿ ನೋಡದಂತೆ ಹೋದರು.”

ಹೇಳಿದ ಮೇಲೆ ಅವರು ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನನಗೆ ಸೋದರಮಾವನ ಇನ್ನೊಂದು ಪ್ರಸಂಗ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮೇಷ್ಟ್ರು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, “ನಿಮಗೆ ನಿದ್ರೆ ಹೇಗೆ ಬರುತ್ತಿದೆ?” ಎಂದು ಕೇಳಿದರು. ಕೇಳಿ, ತಮ್ಮ ಮೂರು ವರ್ಷಗಳನ್ನು ಎರಡೂ ತುಟಿಗಳಲ್ಲಿ ಬಿಗಿಹಿಡಿದು, ಉತ್ತರಕ್ಕೆ ಕಾದು ಕುಳಿತರು.